ಜರ್ಮನಿಗೆ ಹೊರಟ ನಮ್ಮೂರಿನ ಕುಟುಂಬಕ್ಕೆ ಬಡಾವಣೆ ಮತ್ತು ಮನೆ ಆಯ್ಕೆ: ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಬಾಡಿಗೆ ಮನೆ ನೋಡಲು ಹೋದವರು ಕೇಳುವ ಪ್ರಶ್ನೆಗಳು ಎಲ್ಲರಿಗೂ ಬಾಯಿಪಾಠವಾಗಿರುತ್ತವೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಬೋರ್ ಇದೆಯೇ, ಬಾಗಿಲು ಯಾವ ದಿಕ್ಕಿಗಿದೆ, ಅಡ್ವಾನ್ಸ್ ಎಷ್ಟು, ಮಾಲೀಕರು ಮೇಲಿನ ಮಹಡಿಯಲ್ಲೇ ಇರುತ್ತಾರೆಯೇ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಬಡಾವಣೆಯ ಬಗ್ಗೆ ಹೆಚ್ಚು ಕೇಳುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಎಂ.ಸಿ.ಸಿ. ಬಿ ಬ್ಲಾಕ್ ಹೇಗಿದೆ, ವಿದ್ಯಾನಗರ ಹೇಗಿದೆ, ಪಿ.ಜೆ. ಬಡಾವಣೆಯಿಂದ ಮಾರುಕಟ್ಟೆ ಎಷ್ಟು ದೂರ ಎಂಬುದು ಊರಿನವರಿಗೆ ಗೊತ್ತಿರುವ ವಿಷಯ. ಜರ್ಮನಿಗೆ ಹೋದಾಗ ಈ ಪ್ರಶ್ನೆಗಳಲ್ಲಿ ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ನಲ್ಲಿಯ ನೀರನ್ನೇ ನೇರವಾಗಿ ಕುಡಿಯಬಹುದು ಮತ್ತು ಅದು ದಿನವಿಡೀ ಬರುತ್ತದೆ. ಆದರೆ ನಾವು ಇಲ್ಲಿ ಎಂದೂ ಕೇಳದ ಹತ್ತಾರು ಸಂಗತಿಗಳನ್ನು ಅಲ್ಲಿ ಕೇಳಿ ತಿಳಿಯಬೇಕಾಗುತ್ತದೆ.

ದಾವಣಗೆರೆಯ ಬಿ.ಐ.ಇ.ಟಿ., ಯು.ಬಿ.ಡಿ.ಟಿ. ಅಥವಾ ಚಿತ್ರದುರ್ಗದ ಎಸ್.ಜೆ.ಎಂ.ಐ.ಟಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ನಂತರ ಹೆಂಡತಿ ಮಕ್ಕಳೊಂದಿಗೆ ಸ್ಟುಟ್‌ಗಾರ್ಟ್, ಮ್ಯೂನಿಕ್ ಅಥವಾ ಫ್ರಾಂಕ್‌ಫರ್ಟ್ ಕಡೆಗೆ ಹೊರಡುವ ಎಂಜಿನಿಯರನನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಎಂಜಿನಿಯರ್ ಹೆಂಡತಿಯಾಗಿ, ಜೊತೆಗೆ ಹೋಗುವವನು ಗಂಡನಾಗಿದ್ದರೂ ಮಾತು ಬದಲಾಗುವುದಿಲ್ಲ. ಮೊದಲೇ ಹೇಳಬೇಕಾದ ನನ್ನ ಖಚಿತ ಅಭಿಪ್ರಾಯ ಒಂದಿದೆ: ಬಡಾವಣೆಯನ್ನು ಆಯ್ಕೆ ಮಾಡಬೇಕಾದವರು ಸಂಬಳ ತರುವವರಲ್ಲ, ಹಗಲಿಡೀ ಆ ಬಡಾವಣೆಯಲ್ಲೇ ಇರಬೇಕಾದವರು. ಕಚೇರಿಗೆ ಹೋಗುವವರಿಗೆ ರೈಲಿನಲ್ಲಿ ಇಪ್ಪತ್ತು ನಿಮಿಷ ಹೆಚ್ಚಾದರೆ ಒಂದು ಪುಸ್ತಕವೋ ಫೋನೋ ಸಾಕಾಗುತ್ತದೆ. ಭಾಷೆ ಬಾರದ ಊರಿನಲ್ಲಿ ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು, ತರಕಾರಿ ತಂದು, ವೈದ್ಯರ ಬಳಿ ಹೋಗಿ, ಮಧ್ಯಾಹ್ನ ಮತ್ತೆ ಮಗುವನ್ನು ಕರೆತರಬೇಕಾದವರಿಗೆ ಆ ಇಪ್ಪತ್ತು ನಿಮಿಷ ದಿನಕ್ಕೆ ನಾಲ್ಕು ಬಾರಿ ಎದುರಾಗುತ್ತದೆ. ಮುಂದಿನ ಎಲ್ಲ ಹೆಜ್ಜೆಗಳನ್ನೂ ಈ ಒಂದು ಲೆಕ್ಕದಿಂದಲೇ ನೋಡಬೇಕು.

ಹೊರಡುವ ಮುನ್ನ ಊರಿನಲ್ಲೇ ಮುಗಿಸಬೇಕಾದದ್ದು

ದಾವಣಗೆರೆಯಲ್ಲಿ ಕುಳಿತು ಶಾಶ್ವತ ಮನೆಯನ್ನು ಗೊತ್ತುಮಾಡಲು ಪ್ರಯತ್ನಿಸಬೇಡಿ. ಕಣ್ಣಾರೆ ನೋಡದ ಮನೆಯನ್ನು ಅಲ್ಲಿನ ಮಾಲೀಕರು ವಿದೇಶದಲ್ಲಿರುವವರಿಗೆ ಕೊಡುವುದು ಅಪರೂಪ, ಮತ್ತು ಹಾಗೆ ಸುಲಭವಾಗಿ ಕೊಡುತ್ತೇವೆನ್ನುವವರಲ್ಲಿ ಮೋಸಗಾರರ ಪಾಲು ದೊಡ್ಡದು. ಊರಿನಿಂದಲೇ ಗೊತ್ತುಮಾಡಬೇಕಾದದ್ದು ಮೊದಲ ಎರಡು ಮೂರು ತಿಂಗಳಿಗೆ ಪೀಠೋಪಕರಣ ಸಹಿತವಾದ ತಾತ್ಕಾಲಿಕ ವಸತಿಯನ್ನು ಮಾತ್ರ. ಉದ್ಯೋಗ ಕೊಟ್ಟ ಸಂಸ್ಥೆಯೇ ಅದನ್ನು ಒದಗಿಸುವುದಾದರೆ ಒಳ್ಳೆಯದು; ಇಲ್ಲವಾದರೆ ನೀವೇ ಹುಡುಕಬೇಕು.

ತಾತ್ಕಾಲಿಕ ವಸತಿಯನ್ನು ಕಾಯ್ದಿರಿಸುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಬಹುದೇ? ಜರ್ಮನಿಯಲ್ಲಿ ಮನೆಗೆ ಹೋಗಿ ನೆಲೆಸಿದ ಎರಡು ವಾರಗಳೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬುದು ಕಾನೂನು, ಮತ್ತು ಅದಕ್ಕೆ ಮನೆ ಕೊಟ್ಟವರ ಸಹಿಯುಳ್ಳ ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ ಎಂಬ ಪತ್ರ ಬೇಕು. ಈ ನೋಂದಣಿಯಾದ ಮೇಲೆಯೇ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ವಾಸ್ತವ್ಯ ಪರವಾನಗಿ, ಶಿಶುವಿಹಾರದ ಅರ್ಜಿ, ಅನೇಕ ಬ್ಯಾಂಕುಗಳ ಖಾತೆ ಎಲ್ಲವೂ ಅದನ್ನೇ ಅವಲಂಬಿಸಿವೆ. ನೋಂದಣಿಗೆ ಒಪ್ಪದ ವಸತಿ ಅಗ್ಗವಾಗಿ ಕಂಡರೂ ಕುಟುಂಬದ ಎಲ್ಲ ಕೆಲಸಗಳನ್ನು ಅದು ತಡೆದು ನಿಲ್ಲಿಸುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ನಮ್ಮ ಕಡೆಯ ಒಂದು ತೊಡಕನ್ನು ಇಲ್ಲಿಯೇ ಬಗೆಹರಿಸಿಕೊಳ್ಳಬೇಕು. ಮದುವೆ ಕಲ್ಯಾಣಮಂಟಪದಲ್ಲಿ ಅದ್ದೂರಿಯಾಗಿ ನಡೆದಿದ್ದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗದೆ ಉಳಿದಿರುವುದು ಸಾಮಾನ್ಯ. ಗಂಡನ ಹೆಸರಿನ ಹಿಂದೆ ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್, ಹೆಂಡತಿಯ ಹೆಸರಿನೊಂದಿಗೆ ಅವರ ತಂದೆಯ ಹೆಸರು, ಮಗುವಿಗೆ ಮೂರನೆಯದೇ ಒಂದು ಕೊನೆಯ ಹೆಸರು ಎಂಬ ಸ್ಥಿತಿಯಲ್ಲಿ ಪಾಸ್‌ಪೋರ್ಟುಗಳು ಇರುತ್ತವೆ. ಮೂವರು ಒಂದೇ ಕುಟುಂಬವೆಂದು ಅಲ್ಲಿನ ಗುಮಾಸ್ತರಿಗೂ ಮನೆ ಮಾಲೀಕರಿಗೂ ತೋರಿಸುವ ದಾಖಲೆ ಎಂದರೆ ವಿವಾಹ ಪ್ರಮಾಣಪತ್ರ ಮತ್ತು ಮಗುವಿನ ಜನನ ಪ್ರಮಾಣಪತ್ರಗಳು ಮಾತ್ರ. ಇವು ಕನ್ನಡದಲ್ಲಿದ್ದರೆ ಇಂಗ್ಲಿಷ್ ಪ್ರತಿಯನ್ನೂ ಜರ್ಮನ್ ಅನುವಾದವನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಕ್ಷೇಮ.

ಮೊದಲು ಬಡಾವಣೆ, ನಂತರ ಮನೆ

ಬಹಳಷ್ಟು ಜನರು ಕಚೇರಿಯ ಸುತ್ತ ಒಂದು ವೃತ್ತ ಎಳೆದು ಅದರೊಳಗೆ ಬಾಡಿಗೆ ಕಡಿಮೆ ಇರುವಲ್ಲಿ ಮನೆ ಹುಡುಕುತ್ತಾರೆ. ಒಂಟಿಯಾಗಿ ಇರುವವರಿಗೆ ಅದು ಸರಿ. ಕುಟುಂಬದವರು ವೃತ್ತವನ್ನು ಶಾಲೆ ಅಥವಾ ಶಿಶುವಿಹಾರದ ಸುತ್ತ ಎಳೆಯಬೇಕು. ಅದಕ್ಕೆ ಕಾರಣವಿದೆ. ಜರ್ಮನಿಯಲ್ಲಿ ಸರ್ಕಾರಿ ಶಾಲೆ ಉಚಿತ, ಸಾಮಾನ್ಯವಾಗಿ ಆರನೆಯ ವಯಸ್ಸಿಗೆ ಶಾಲೆ ಕಡ್ಡಾಯ, ಮತ್ತು ಮನೆಯಲ್ಲೇ ಕಲಿಸಲು ಅವಕಾಶವಿಲ್ಲ. ಬವೇರಿಯ, ಬಾಡೆನ್-ವುರ್ಟೆಂಬರ್ಗ್ ಮುಂತಾದ ರಾಜ್ಯಗಳಲ್ಲಿ ಪ್ರಾಥಮಿಕ ಶಾಲೆಯನ್ನು ನಾವು ಆರಿಸುವುದಲ್ಲ; ಮನೆಯ ವಿಳಾಸ ಯಾವ ಶಾಲಾ ವಲಯಕ್ಕೆ ಸೇರಿದೆಯೋ ಆ ಶಾಲೆಗೇ ಮಗು ಹೋಗಬೇಕು. ಹಾಗಾಗಿ ಅಲ್ಲಿ ಮನೆ ಆರಿಸುವುದೆಂದರೆ ಶಾಲೆಯನ್ನು ಆರಿಸಿದಂತೆಯೇ. ಆ ಶಾಲೆಯಲ್ಲಿ ಜರ್ಮನ್ ಬಾರದ ಮಕ್ಕಳಿಗಾಗಿ ಪೂರ್ವಸಿದ್ಧತಾ ತರಗತಿ ಇದೆಯೇ, ಮಧ್ಯಾಹ್ನದ ನಂತರವೂ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆಯೇ ಎಂಬುದನ್ನು ಶಾಲೆಗೇ ಪತ್ರ ಬರೆದು ಕೇಳಬಹುದು. ಪ್ರಾಥಮಿಕ ಶಾಲೆಗಳು ಮಧ್ಯಾಹ್ನಕ್ಕೇ ಬಿಡುವುದು ಅಲ್ಲಿ ಹೊಸದೇನಲ್ಲ, ಇಬ್ಬರೂ ದುಡಿಯುವ ಮನೆಗೆ ಅದು ದೊಡ್ಡ ಸಮಸ್ಯೆ.

ಶಿಶುವಿಹಾರದ ಕಥೆ ಬೇರೆ. 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಕೀಟಾ ಎಂದು ಕರೆಯುವ ಶಿಶುವಿಹಾರದಲ್ಲಿ ಅಥವಾ ಮಕ್ಕಳನ್ನು ನೋಡಿಕೊಳ್ಳುವ ಪರವಾನಗಿ ಪಡೆದವರ ಬಳಿ ಸ್ಥಳ ಪಡೆಯುವ ಕಾನೂನುಬದ್ಧ ಹಕ್ಕಿದೆ. ಹಕ್ಕಿದ್ದರೂ ದೊಡ್ಡ ನಗರಗಳಲ್ಲಿ ಸ್ಥಳ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಬರ್ಲಿನ್‌ನಲ್ಲಿ 2018ರಿಂದ ಶಾಲೆಗೆ ಸೇರುವವರೆಗಿನ ಮಕ್ಕಳಿಗೆ ಶಿಶುವಿಹಾರದ ಶುಲ್ಕವಿಲ್ಲ; ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಶುಲ್ಕವಿದ್ದು, ಪಕ್ಕಪಕ್ಕದ ಎರಡು ಊರುಗಳಲ್ಲೇ ಅದು ಬೇರೆ ಬೇರೆಯಾಗಿರಬಹುದು. ಆದ್ದರಿಂದ ಮೂರ್ನಾಲ್ಕು ಊರುಗಳನ್ನು ಗುರುತಿಸಿಕೊಂಡು, ಪ್ರತಿಯೊಂದರ ಪುರಸಭೆಗೂ ಮಗುವಿನ ಜನ್ಮದಿನಾಂಕ ತಿಳಿಸಿ, ಯಾವ ತಿಂಗಳಿಗೆ ಸ್ಥಳ ಸಿಗಬಹುದೆಂದು ಮೊದಲೇ ವಿಚಾರಿಸುವುದು ಉತ್ತಮ. ನಗರದ ನಡುವಿಗಿಂತ ಸಣ್ಣ ಪಟ್ಟಣದಲ್ಲಿ ಸ್ಥಳ ಬೇಗ ಸಿಕ್ಕರೆ ಆ ಪಟ್ಟಣದ ಪರವಾಗಿ ಅದು ಬಾಡಿಗೆಗಿಂತ ಗಟ್ಟಿಯಾದ ವಾದ.

ಸಣ್ಣ ಪಟ್ಟಣವೆಂದರೆ ನಮ್ಮವರಿಗೆ ಸ್ವಲ್ಪ ಅಳುಕು. ದಾವಣಗೆರೆಯಿಂದ ಬೆಂಗಳೂರಿಗೆ, ಅಲ್ಲಿಂದ ಜರ್ಮನಿಗೆ ಹೋಗಿ ಮತ್ತೆ ಹರಿಹರದಂತಹ ಊರಿನಲ್ಲಿ ಇರುವುದೇ ಎಂದು ಕೇಳುವವರಿದ್ದಾರೆ. ಆದರೆ ಅಲ್ಲಿನ ಸಣ್ಣ ಊರುಗಳನ್ನು ಅವುಗಳ ರೈಲು ಮಾರ್ಗದಿಂದ ಅಳೆಯಬೇಕು. ಸ್ಟುಟ್‌ಗಾರ್ಟ್‌ನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಅಲ್ಲಿನ ಕೆಲಸಗಳು ನಗರದ ಮಧ್ಯದಲ್ಲಿ ಮಾತ್ರ ಇಲ್ಲ: ಮರ್ಸಿಡಿಸ್‌ನ ದೊಡ್ಡ ಕಾರ್ಖಾನೆ ಸಿಂಡೆಲ್‌ಫಿಂಗನ್‌ನಲ್ಲಿದೆ, ಬಾಷ್‌ನ ಸಂಶೋಧನಾ ಕೇಂದ್ರ ರೆನಿಂಗನ್‌ನಲ್ಲಿದೆ. ಲಿಯೋನ್‌ಬರ್ಗ್, ರೆನಿಂಗನ್, ಬೋಬ್ಲಿಂಗನ್‌ನಂತಹ ಊರುಗಳು ಉಪನಗರ ರೈಲಿನಿಂದ ನಗರಕ್ಕೆ ಜೋಡಣೆಯಾಗಿವೆ. ಫ್ರಾಂಕ್‌ಫರ್ಟ್ ಸುತ್ತ ಎಶ್‌ಬೋರ್ನ್, ಓಬರ್‌ಉರ್ಸೆಲ್, ಬಾಡ್ ಹೋಂಬುರ್ಗ್ ಹೀಗೆಯೇ ಇವೆ. ಇಂತಹ ಊರಿನಲ್ಲಿ ನಿಲ್ದಾಣದಿಂದ ನಡೆದುಹೋಗುವ ದೂರದಲ್ಲಿ ಸಿಗುವ ಮನೆ, ನಗರದೊಳಗೇ ಇದ್ದರೂ ಎರಡು ಬಸ್ಸು ಬದಲಿಸಬೇಕಾದ ಮನೆಗಿಂತ ಎಷ್ಟೋ ವಾಸಿ. 2023ರ ಮೇ ತಿಂಗಳಿನಲ್ಲಿ 49 ಯೂರೋಗೆ ಆರಂಭವಾಗಿ 2025ರಲ್ಲಿ 58 ಯೂರೋ, 2026ರಲ್ಲಿ 63 ಯೂರೋ ಆದ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ದೇಶದ ಎಲ್ಲ ಸ್ಥಳೀಯ ಬಸ್ಸು, ಮೆಟ್ರೋ, ಪ್ರಾದೇಶಿಕ ರೈಲುಗಳಲ್ಲಿ ತಿಂಗಳಿಡೀ ಓಡಾಡಬಹುದು. ಹಾಗಾಗಿ ದೂರಕ್ಕಿಂತ ರೈಲಿನ ಸಂಖ್ಯೆ ಮುಖ್ಯ: ಗಂಟೆಗೆ ಎಷ್ಟು ರೈಲು, ಭಾನುವಾರ ಎಷ್ಟು, ರಾತ್ರಿ ಕೊನೆಯದು ಎಷ್ಟಕ್ಕೆ.

ನಕ್ಷೆಯಲ್ಲಿ ಕಾಣದ ಎರಡು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದು ಏರು. ಸ್ಟುಟ್‌ಗಾರ್ಟ್ ನಗರದ ನಡುಭಾಗ ಬಾಣಲೆಯಂತಹ ಕಣಿವೆಯಲ್ಲಿದ್ದು ಸುತ್ತಲಿನ ಬಡಾವಣೆಗಳು ಗುಡ್ಡದ ಮೇಲಿವೆ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಆ ಮೆಟ್ಟಿಲುಗಳು ಹೊಸದಲ್ಲವಾದರೂ, ಮಗುವಿನ ಗಾಡಿ ತಳ್ಳಿಕೊಂಡು ಪ್ರತಿದಿನ ಹತ್ತುವುದು ಬೇರೆ ಮಾತು. ನಕ್ಷೆಯ ಅಪ್ಲಿಕೇಶನ್‌ನಲ್ಲಿ ನಡಿಗೆಯ ದಾರಿ ಹಾಕಿದಾಗ ಏರಿಳಿತದ ಗೆರೆಯನ್ನು ತಪ್ಪದೆ ನೋಡಿ. ಎರಡನೆಯದು ಶಬ್ದ. ಸರ್ಕಾರಿ ಸಂಸ್ಥೆಗಳು ರಸ್ತೆ, ರೈಲು ಮತ್ತು ವಿಮಾನಗಳ ಶಬ್ದದ ನಕ್ಷೆಗಳನ್ನು ಸಾರ್ವಜನಿಕವಾಗಿ ಇಟ್ಟಿವೆ. ಲೇರ್ಮ್‌ಕಾರ್ಟೆ ಎಂದು ಹುಡುಕಿದರೆ ಸಿಗುತ್ತವೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಹಾರಾಟದ ದಾರಿಯ ಕೆಳಗೆ ಬಾಡಿಗೆ ಏಕೆ ಕಡಿಮೆ ಎಂಬುದು ಆ ನಕ್ಷೆ ನೋಡಿದಾಗ ತಿಳಿಯುತ್ತದೆ.

ಇಷ್ಟಾದ ಮೇಲೆ ದಿನಚರಿಯ ಪರೀಕ್ಷೆ. ಮನೆಯಿಂದ ಹತ್ತು ಹದಿನೈದು ನಿಮಿಷದ ನಡಿಗೆಯಲ್ಲಿ ದಿನಸಿ ಅಂಗಡಿ, ಔಷಧಿ ಅಂಗಡಿ, ಮಕ್ಕಳ ವೈದ್ಯರು, ಆಟದ ಮೈದಾನ ಇವೆಯೇ ಎಂದು ನೋಡಬೇಕು. ಮನೆ ಬಾಗಿಲಿಗೆ ಸೊಪ್ಪಿನ ಗಾಡಿ ಬರುವುದಿಲ್ಲ, ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರ ಸಂಜೆಯೊಳಗೆ ಹಾಲು ತರಕಾರಿ ತಂದಿಡಬೇಕು. ಮಕ್ಕಳ ವೈದ್ಯರು ಹೊಸ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರೆಯೇ ಎಂದೂ ಕೇಳಬೇಕು, ಏಕೆಂದರೆ ಎಷ್ಟೋ ಕಡೆ ಅವರ ಪಟ್ಟಿ ಭರ್ತಿಯಾಗಿರುತ್ತದೆ. ವಿದೇಶಿಯರಿಗಾಗಿ ನಡೆಯುವ ಜರ್ಮನ್ ಭಾಷೆಯ ತರಗತಿ ಎಲ್ಲಿದೆ ಎಂಬುದನ್ನೂ ಇದರಲ್ಲಿ ಸೇರಿಸಿ. ಜೊತೆಗೆ ಬಂದ ಸಂಗಾತಿಯ ಮುಂದಿನ ಉದ್ಯೋಗ ಆ ತರಗತಿಯ ಮೇಲೆ ನಿಂತಿರುತ್ತದೆ. ಕನ್ನಡದವರು ಹತ್ತಿರವಿರಬೇಕೆಂಬ ಆಸೆ ಸಹಜ. ಫ್ರಾಂಕ್‌ಫರ್ಟ್, ಮ್ಯೂನಿಕ್ ಕಡೆಗಳಲ್ಲಿ ಕನ್ನಡ ಸಂಘಗಳು ಚೆನ್ನಾಗಿಯೇ ನಡೆಯುತ್ತಿವೆ. ಆದರೆ ಸಂಘದವರು ಸೇರುವುದು ಯುಗಾದಿಗೂ ರಾಜ್ಯೋತ್ಸವಕ್ಕೂ. ಮಂಗಳವಾರ ಮಧ್ಯಾಹ್ನ ಮಗುವಿಗೆ ಜ್ವರ ಬಂದಾಗ ಬೇಕಾಗುವವರು ಅದೇ ಕಟ್ಟಡದ ನೆರೆಯವರು.

ಜಾಹೀರಾತನ್ನು ಓದುವ ಬಗೆ

ಇಮೋಬಿಲಿಯನ್‌ಸ್ಕೌಟ್24, ಇಮೋವೆಲ್ಟ್, ಕ್ಲೈನ್‌ಆನ್‌ಝೈಗನ್ ಮುಂತಾದ ತಾಣಗಳಲ್ಲಿ ಜಾಹೀರಾತುಗಳು ಬರುತ್ತವೆ. ಅವುಗಳ ಲೆಕ್ಕ ನಮ್ಮ ಲೆಕ್ಕವಲ್ಲ. ಮೂರು ತ್ಸಿಮ್ಮರ್ ಎಂದಿದ್ದರೆ ಮೂರು ಮಲಗುವ ಕೋಣೆಗಳಲ್ಲ. ಹಾಲ್ ಸೇರಿ ಮೂರು ಕೋಣೆಗಳು. ಅಡುಗೆಮನೆ ಮತ್ತು ಬಚ್ಚಲನ್ನು ಎಣಿಸುವುದಿಲ್ಲ. ಅಂದರೆ ಅದು ನಮ್ಮ ಎರಡು ಬಿ.ಎಚ್.ಕೆ. ಮನೆ. ವಿಸ್ತೀರ್ಣ ಚದರ ಮೀಟರಿನಲ್ಲಿರುತ್ತದೆ: ಒಂದು ಚದರ ಮೀಟರ್ ಎಂದರೆ 10.76 ಚದರಡಿ, ಹಾಗಾಗಿ 75 ಚದರ ಮೀಟರಿನ ಮನೆ ಸುಮಾರು 807 ಚದರಡಿ. ಕೇಳಲು ಸಣ್ಣದೆನಿಸಿದರೂ, ಅಲ್ಲಿ ಗೋಡೆಗಳ ಒಳಗಿನ ಬಳಕೆಯ ಜಾಗವನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಬಾಲ್ಕನಿಯ ಕಾಲುಭಾಗ, ಹೆಚ್ಚೆಂದರೆ ಅರ್ಧಭಾಗ ಸೇರುತ್ತದೆ. ಇಳಿಜಾರು ಚಾವಣಿಯ ಮನೆಗಳಲ್ಲಿ ಎರಡು ಮೀಟರಿಗಿಂತ ಕಡಿಮೆ ಎತ್ತರವಿರುವ ಜಾಗ ಅರ್ಧ, ಒಂದು ಮೀಟರಿಗಿಂತ ಕಡಿಮೆ ಇದ್ದರೆ ಲೆಕ್ಕಕ್ಕೇ ಇಲ್ಲ. ಬೆಂಗಳೂರಿನ ಬಿಲ್ಡರುಗಳ ಸೂಪರ್ ಬಿಲ್ಟ್ ಅಪ್ ಲೆಕ್ಕಕ್ಕೆ ಒಗ್ಗಿದವರಿಗೆ ಈ ಪ್ರಾಮಾಣಿಕತೆ ಸ್ವಲ್ಪ ವಿಚಿತ್ರವಾಗಿಯೇ ತೋರಬಹುದು.

ಬಾಡಿಗೆಯಲ್ಲಿ ಎರಡು ಬಗೆ. ಕಾಲ್ಟ್‌ಮೀಟೆ ಎಂದರೆ ಬರಿಯ ಮನೆಯ ಬಾಡಿಗೆ. ವಾರ್ಮ್‌ಮೀಟೆ ಎಂದರೆ ಅದಕ್ಕೆ ನೀರು, ಕಸ ವಿಲೇವಾರಿ, ಮೆಟ್ಟಿಲಿನ ಸ್ವಚ್ಛತೆ, ಕಟ್ಟಡದ ತೆರಿಗೆ ಮತ್ತು ಸಾಮಾನ್ಯವಾಗಿ ಮನೆ ಬಿಸಿಮಾಡುವ ವೆಚ್ಚ ಸೇರಿದ ಮೊತ್ತ. ವಿದ್ಯುತ್ ಮತ್ತು ಇಂಟರ್ನೆಟ್ ಹೆಚ್ಚಿನ ಕಡೆ ಇವೆರಡಕ್ಕೂ ಹೊರಗೆ. ಮನೆ ಬಿಸಿಮಾಡುವ ಖರ್ಚು ವಾರ್ಮ್‌ಮೀಟೆಯಲ್ಲಿ ಸೇರಿದೆಯೇ, ಅಥವಾ ಅನಿಲದ ಸಂಪರ್ಕವನ್ನು ಬಾಡಿಗೆದಾರರೇ ಮಾಡಿಸಿಕೊಳ್ಳಬೇಕೇ ಎಂದು ಸ್ಪಷ್ಟವಾಗಿ ಕೇಳಿ. ಮ್ಯೂನಿಕ್‌ನಲ್ಲಿ ಚದರ ಮೀಟರಿಗೆ 20 ಯೂರೋ ಮೀರಿದ ಕಾಲ್ಟ್‌ಮೀಟೆ ಈಗ ಮಾಮೂಲು. ಆ ದರದಲ್ಲಿ 75 ಚದರ ಮೀಟರಿನ ಮನೆಗೆ 1,500 ಯೂರೋ, ಮೇಲೆ ಉಳಿದ ವೆಚ್ಚಗಳು. ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗವನ್ನು ಬಾಡಿಗೆ ಮೀರಬಾರದೆಂಬುದು ಅಲ್ಲಿನ ಮಾಲೀಕರು ಅರ್ಜಿದಾರರನ್ನು ಅಳೆಯುವ ರೂಢಿ. ಆದ್ದರಿಂದ ಒಟ್ಟು ಸಂಬಳವನ್ನಲ್ಲ, ತೆರಿಗೆ ಮತ್ತು ವಿಮೆ ಕಡಿತವಾದ ನಂತರದ ಮೊತ್ತವನ್ನು ಇಟ್ಟುಕೊಂಡು ಲೆಕ್ಕ ಹಾಕಬೇಕು.

ಜಾಹೀರಾತಿನಲ್ಲಿ ಇ.ಬಿ.ಕೆ., ಅಂದರೆ ಅಳವಡಿಸಿದ ಅಡುಗೆಮನೆ, ಎಂಬ ಮೂರಕ್ಷರ ಇಲ್ಲದಿದ್ದರೆ ಮನೆಯಲ್ಲಿ ಅಡುಗೆಮನೆಯೇ ಇಲ್ಲದಿರಬಹುದು. ನಾಲ್ಕು ಗೋಡೆ, ಒಂದು ನೀರಿನ ಕೊಳವೆ, ಒಂದು ವಿದ್ಯುತ್ ತಂತಿ ಮಾತ್ರ ಇರುತ್ತದೆ. ಒಲೆ, ಸಿಂಕ್, ಕಪಾಟು ಎಲ್ಲವನ್ನೂ ಬಾಡಿಗೆದಾರರೇ ಹಾಕಿಸಬೇಕು, ಬಿಟ್ಟು ಹೋಗುವಾಗ ತೆಗೆದುಕೊಂಡು ಹೋಗಬೇಕು. ಎಷ್ಟೋ ಮನೆಗಳಲ್ಲಿ ದೀಪಗಳೂ ಇರುವುದಿಲ್ಲ. ಹಿಂದಿನ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ನಿಮಗೇ ಮಾರಿ ಹೋಗುವುದುಂಟು. ಎರಡು ಮೂರು ವರ್ಷಕ್ಕೆ ಮಾತ್ರ ಹೋಗುವ ಕುಟುಂಬ ಬಾಡಿಗೆ ತುಸು ಹೆಚ್ಚಾದರೂ ಅಡುಗೆಮನೆ ಇರುವ ಮನೆಯನ್ನೇ ಹಿಡಿಯುವುದು ಜಾಣತನ.

ಅರ್ಜಿ, ಮತ್ತು ಮೋಸದಿಂದ ಪಾರಾಗುವುದು

ಒಳ್ಳೆಯ ಮನೆಯ ಜಾಹೀರಾತಿಗೆ ಕೆಲವೇ ಗಂಟೆಗಳಲ್ಲಿ ನೂರಾರು ಅರ್ಜಿಗಳು ಬರುವ ನಗರಗಳಿವೆ. ಹಾಗಾಗಿ ಎಲ್ಲ ಕಾಗದಗಳೂ ಒಂದೇ ಕಡತದಲ್ಲಿ ಸಿದ್ಧವಿರಬೇಕು: ಕುಟುಂಬದ ಪರಿಚಯವನ್ನು ಜರ್ಮನ್ ಭಾಷೆಯಲ್ಲಿ ಹೇಳುವ ಅರ್ಧ ಪುಟದ ಪತ್ರ, ಉದ್ಯೋಗದ ಒಪ್ಪಂದ, ಸಿಕ್ಕಿದ್ದರೆ ಮೂರು ತಿಂಗಳ ಸಂಬಳದ ಚೀಟಿ, ವಾಸ್ತವ್ಯ ಪರವಾನಗಿ, ಮತ್ತು ಶೂಫಾ ಎಂಬ ಸಾಲದ ಇತಿಹಾಸದ ವರದಿ. ಹೊಸದಾಗಿ ಬಂದವರಿಗೆ ಶೂಫಾದಲ್ಲಿ ಇತಿಹಾಸವೇ ಇರುವುದಿಲ್ಲ. ಅದಕ್ಕೆ ಬದಲಾಗಿ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗದಿಂದ ಉದ್ಯೋಗ ಖಾಯಂ ಎಂದು ತಿಳಿಸುವ ಪತ್ರ ತಂದರೆ ತೂಕ ಬರುತ್ತದೆ. ಹಾಫ್ಟ್‌ಪ್ಲಿಖ್ಟ್ ಎಂಬ ಹೊಣೆಗಾರಿಕೆ ವಿಮೆ ಮಾಡಿಸಿಕೊಂಡಿದ್ದರೆ ಅದನ್ನೂ ಸೇರಿಸಿ. ಖರ್ಚು ಕಡಿಮೆ, ಮಾಲೀಕರಿಗೆ ನೆಮ್ಮದಿ.

ದಲ್ಲಾಳಿಯ ವಿಷಯ ಸರಳವಾಗಿದೆ. 2015ರಿಂದ ಜಾರಿಯಲ್ಲಿರುವ ನಿಯಮದಂತೆ ದಲ್ಲಾಳಿಯನ್ನು ಯಾರು ನೇಮಿಸಿದರೋ ಅವರೇ ಅವನ ಶುಲ್ಕ ಕೊಡಬೇಕು. ಮಾಲೀಕರು ನೇಮಿಸಿದ ದಲ್ಲಾಳಿ ನಿಮ್ಮಿಂದ ಹಣ ಕೇಳುವಂತಿಲ್ಲ.

ಮೋಸದ ಕ್ರಮ ಎಲ್ಲ ಕಡೆ ಒಂದೇ. ಸುಂದರವಾದ ಮನೆ, ಮಾರುಕಟ್ಟೆಗಿಂತ ತೀರ ಕಡಿಮೆ ಬಾಡಿಗೆ, ತಾನು ಬೇರೆ ದೇಶದಲ್ಲಿದ್ದೇನೆಂದು ಹೇಳುವ ಮಾಲೀಕ, ಠೇವಣಿ ಕಳಿಸಿದರೆ ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತೇನೆಂಬ ಭರವಸೆ. ನೀವಾಗಲೀ ನಿಮ್ಮ ಪರವಾಗಿ ನಂಬಿಕಸ್ಥರೊಬ್ಬರಾಗಲೀ ಮನೆಯೊಳಗೆ ಕಾಲಿಡುವ ಮೊದಲು, ಸಹಿಯಾದ ಒಪ್ಪಂದ ಕೈಗೆ ಬರುವ ಮೊದಲು, ಒಂದು ಯೂರೋ ಕೂಡ ಕಳಿಸಬೇಡಿ. ಪಾಸ್‌ಪೋರ್ಟಿನ ಪ್ರತಿ ಕೇಳಿದರೆ ಅದರ ಮೇಲೆ ಯಾರಿಗೆ, ಯಾವ ಉದ್ದೇಶಕ್ಕೆ ಎಂದು ಅಡ್ಡಲಾಗಿ ಬರೆದು ಕೊಡುವುದು ಒಳ್ಳೆಯ ಅಭ್ಯಾಸ. ಸಂಗಾತಿ ಇನ್ನೂ ದಾವಣಗೆರೆಯಲ್ಲೇ ಇದ್ದರೆ ಮನೆ ನೋಡುವ ಹೊತ್ತಿಗೆ ವಿಡಿಯೋ ಕರೆಯಲ್ಲಿ ಸೇರಿಸಿಕೊಳ್ಳಿ, ಮಾಲೀಕರ ಒಪ್ಪಿಗೆ ಕೇಳಿ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಸಂಜೆ ನಾಲ್ಕಕ್ಕೆ ಮನೆ ನೋಡಿದರೆ ಇಲ್ಲಿ ರಾತ್ರಿಯ ಊಟದ ವೇಳೆ, ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ.

ಮನೆ ನೋಡುವಾಗ

ಮೊದಲು ದಿಕ್ಕು, ಆದರೆ ವಾಸ್ತುವಿನ ದಿಕ್ಕಲ್ಲ. ದಾವಣಗೆರೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನಾಲ್ಕೂವರೆ ಡಿಗ್ರಿಯಲ್ಲಿದೆ. ಡಿಸೆಂಬರ್ ಕೊನೆಯ ಮಧ್ಯಾಹ್ನದಲ್ಲೂ ಇಲ್ಲಿ ಸೂರ್ಯ ದಿಗಂತದಿಂದ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ, ಹಗಲು ಹನ್ನೊಂದು ಗಂಟೆಗೂ ಹೆಚ್ಚು. ಸ್ಟುಟ್‌ಗಾರ್ಟ್‌ನಲ್ಲಿ ಅದೇ ದಿನ ಸೂರ್ಯ 18 ಡಿಗ್ರಿಗಿಂತ ಮೇಲೇರುವುದಿಲ್ಲ, ಹಗಲು ಎಂಟು ಗಂಟೆಗಿಂತ ಸ್ವಲ್ಪ ಹೆಚ್ಚು ಅಷ್ಟೆ, ಅದೂ ಮೋಡವಿಲ್ಲದಿದ್ದರೆ. ಆ ಸೂರ್ಯ ಇಡೀ ಚಳಿಗಾಲ ದಕ್ಷಿಣದಲ್ಲೇ ಇರುತ್ತಾನೆ. ಉತ್ತರಕ್ಕೆ ಮಾತ್ರ ಕಿಟಕಿಗಳಿರುವ ಮನೆಯೊಳಗೆ ತಿಂಗಳುಗಟ್ಟಲೆ ನೇರ ಬಿಸಿಲು ಬೀಳುವುದೇ ಇಲ್ಲ. ದಕ್ಷಿಣಾಭಿಮುಖ ಮನೆ ಎಂದರೆ ಮೂಗು ಮುರಿಯುವ ನಮ್ಮ ಹಿರಿಯರಿಗೆ ಇದನ್ನು ವಿವರಿಸುವುದು ಕಷ್ಟ. ಆದರೂ ಹಗಲಿಡೀ ಮನೆಯಲ್ಲಿರುವವರ ಮನಸ್ಸಿನ ಆರೋಗ್ಯಕ್ಕೆ ದಕ್ಷಿಣ ಅಥವಾ ನೈಋತ್ಯದ ಬಾಲ್ಕನಿಗಿಂತ ದೊಡ್ಡ ಸೌಕರ್ಯ ಇನ್ನೊಂದಿಲ್ಲ. ಚಾವಣಿಯಡಿಯ ಮನೆಗಳು ಮಾತ್ರ ಇದಕ್ಕೆ ಹೊರತು. ಮನೆಗಳಲ್ಲಿ ಎ.ಸಿ. ಇರುವುದು ಅಪರೂಪವಾದ್ದರಿಂದ ಜುಲೈನಲ್ಲಿ ಅವು ಕಾದು ಹೋಗುತ್ತವೆ.

ಆಮೇಲೆ ಅಡುಗೆ. ಹಾಲಿಗೆ ಸೇರಿಕೊಂಡ ತೆರೆದ ಅಡುಗೆಮನೆ ಚಿತ್ರದಲ್ಲಿ ಚೆಂದ. ಒಗ್ಗರಣೆಯ ಹೊಗೆ ಸೋಫಾ ಮತ್ತು ಚಳಿಗಾಲದ ಕೋಟುಗಳಲ್ಲಿ ಉಳಿಯುತ್ತದೆ. ಬಾಗಿಲು ಮತ್ತು ಕಿಟಕಿ ಇರುವ ಅಡುಗೆಮನೆ ನಮಗೆ ಸರಿ. ಹೊಗೆ ಹೀರುವ ಯಂತ್ರ ಗಾಳಿಯನ್ನು ಹೊರಗೆ ಬಿಡುತ್ತದೆಯೇ, ಇಲ್ಲವೇ ಸೋಸಿ ಮತ್ತೆ ಒಳಗೇ ಬಿಡುತ್ತದೆಯೇ ಎಂದು ಕೇಳಿ. ಮಲಗುವ ಕೋಣೆ ಮತ್ತು ಹಾದಿಗಳಲ್ಲಿ ಹೊಗೆ ಎಚ್ಚರಿಕೆ ಯಂತ್ರ ಕಡ್ಡಾಯವಾಗಿರುವುದರಿಂದ ಧೂಪ, ಹೋಮಗಳ ಬಗ್ಗೆಯೂ ಯೋಚಿಸಬೇಕು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮತ್ತು ಭಾನುವಾರ ನಿಶ್ಶಬ್ದದ ನಿಯಮವಿದೆ: ಬೆಳಗಿನ ಜಾವ ಐದಕ್ಕೆ ಚಟ್ನಿಗೆ ಮಿಕ್ಸಿ ಹಾಕುವುದು ಅಲ್ಲಿ ನಡೆಯದು. ಮಕ್ಕಳ ಆಟದ ಸದ್ದನ್ನು ಮಾತ್ರ ಕಾನೂನು ಬಹಳಷ್ಟು ಸಹಿಸುತ್ತದೆ.

ಬಚ್ಚಲನ್ನು ನೋಡುವಾಗ ನೆಲದಲ್ಲಿ ನೀರು ಹೋಗುವ ಜಾಲರಿ ಇದೆಯೇ ಎಂದು ಗಮನಿಸಿ. ಬಹುತೇಕ ಇರುವುದಿಲ್ಲ. ಬಕೆಟ್‌ನಿಂದ ನೀರು ಹೊಯ್ದುಕೊಂಡು ಸ್ನಾನ ಮಾಡಿದರೆ, ನೆಲ ತೊಳೆದರೆ, ಆ ನೀರು ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತದೆ. ಊರಿನಿಂದ ತಂದೆ ತಾಯಿ ಬಂದಾಗ ಇದನ್ನು ಮೊದಲ ದಿನವೇ ಹೇಳಬೇಕು. ಅವರು ಷೆಂಗೆನ್ ಎಂಬ ಅಲ್ಪಾವಧಿಯ ವೀಸಾದಲ್ಲಿ ಬಂದರೆ 90 ದಿನಗಳವರೆಗೆ ಇರಬಹುದು. ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ನಾಲ್ಕನೆಯ ಮಹಡಿ ಅವರ ಮೊಣಕಾಲಿಗೆ ಏನಾಗುತ್ತದೆಂದು ಮನೆ ನೋಡುವಾಗಲೇ ಯೋಚಿಸಬೇಕು, ಜೊತೆಗೆ ಅತಿಥಿಗಳಿಗೆ ಪ್ರತ್ಯೇಕ ಶೌಚಾಲಯವಿದ್ದರೆ ಮನೆಯಲ್ಲಿ ಶಾಂತಿ ಇರುತ್ತದೆ. ಎರಡು ಮೂರು ತಿಂಗಳ ಅತಿಥಿಗಳ ಬಗ್ಗೆ ಮಾಲೀಕರಿಗೆ ಮೊದಲೇ ಒಂದು ಮಾತು ತಿಳಿಸಿದರೆ ಸಾಕು.

ಗೋಡೆಯ ಮೂಲೆಗಳಲ್ಲಿ, ಕಿಟಕಿಯ ಅಂಚಿನಲ್ಲಿ ಕಪ್ಪು ಚುಕ್ಕೆಗಳಿವೆಯೇ ನೋಡಿ, ಅದು ಬೂಷ್ಟು. ಚಳಿಗಾಲದಲ್ಲಿ ಮುಚ್ಚಿದ ಮನೆಯೊಳಗೆ ಅನ್ನ ಬೇಯಿಸಿ, ಬಟ್ಟೆ ಒಣಗಿಸಿದರೆ ತೇವ ತಣ್ಣನೆಯ ಗೋಡೆಯ ಮೇಲೆ ಕೂರುತ್ತದೆ. ದಿನಕ್ಕೆ ಹಲವು ಬಾರಿ ಐದು ಹತ್ತು ನಿಮಿಷ ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದು ಗಾಳಿಯಾಡಿಸುವುದನ್ನು ಬಾಡಿಗೆದಾರರಿಂದ ನಿರೀಕ್ಷಿಸುತ್ತಾರೆ. ಬಟ್ಟೆ ಒಣಗಿಸಲು ನೆಲಮಾಳಿಗೆಯಲ್ಲಿ ಜಾಗವಿದೆಯೇ ಎಂಬುದು ಆದ್ದರಿಂದ ಸಣ್ಣ ಪ್ರಶ್ನೆಯಲ್ಲ. ಮನೆ ತೋರಿಸುವಾಗ ಎ ಪ್ಲಸ್‌ನಿಂದ ಎಚ್‌ವರೆಗಿನ ಶ್ರೇಣಿಯುಳ್ಳ ಇಂಧನ ಪ್ರಮಾಣಪತ್ರವನ್ನು ಮಾಲೀಕರು ತೋರಿಸಬೇಕು. ಜಿ, ಎಚ್ ಶ್ರೇಣಿಯ ಮನೆಯ ಅಗ್ಗದ ಬಾಡಿಗೆ ಬಿಸಿಮಾಡುವ ಬಿಲ್ಲಿನಲ್ಲಿ ಕರಗಿಹೋಗುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ, ಅದನ್ನು ಮೂರು ಸಮಾನ ಮಾಸಿಕ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಊರಿನಿಂದ ದೊಡ್ಡ ಮೊತ್ತ ತರಿಸಬೇಕೆಂದು ಹೆದರುವ ಅಗತ್ಯ ಆದ್ದರಿಂದ ಕಡಿಮೆ. ಅವಧಿ ನಿಗದಿಯಿಲ್ಲದ ಒಪ್ಪಂದದಲ್ಲಿ ಬಾಡಿಗೆದಾರರು ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಅದು ತಿಂಗಳ ಮೂರನೆಯ ಕೆಲಸದ ದಿನದೊಳಗೆ ಲಿಖಿತವಾಗಿ ತಲುಪಬೇಕು. ಇಷ್ಟು ವರ್ಷ ಮನೆ ಬಿಡುವಂತಿಲ್ಲ ಎಂಬ ಷರತ್ತು ಸೇರಿಸಿರುವುದುಂಟು. ನಾಲ್ಕು ವರ್ಷದವರೆಗೆ ಅದಕ್ಕೆ ಅವಕಾಶವಿದೆ; ಎರಡು ವರ್ಷದ ನಿಯೋಜನೆಯ ಮೇಲೆ ಹೋದವರಿಗೆ ಅದು ಕುತ್ತಿಗೆಗೆ ಉರುಳು. ಬಾಡಿಗೆ ಏರಿಕೆಯ ಷರತ್ತನ್ನೂ ನೋಡಿ: ಸ್ಟಾಫೆಲ್‌ಮೀಟೆಯಲ್ಲಿ ಏರಿಕೆ ಮೊದಲೇ ನಿಗದಿಯಾಗಿರುತ್ತದೆ, ಇಂಡೆಕ್ಸ್‌ಮೀಟೆಯಲ್ಲಿ ಅದು ಬೆಲೆ ಸೂಚ್ಯಂಕದೊಂದಿಗೆ ಏರುತ್ತದೆ. ಅರ್ಥವಾಗದ ಒಪ್ಪಂದವನ್ನು ಮೀಟರ್‌ಫೆರೈನ್ ಎಂಬ ಬಾಡಿಗೆದಾರರ ಸಂಘಕ್ಕೆ ಸದಸ್ಯರಾಗಿ ತೋರಿಸಬಹುದು. ಸ್ಟುಟ್‌ಗಾರ್ಟ್ ಪ್ರದೇಶದಲ್ಲಾದರೆ ಕೇರ್‌ವೋಖೆಯ ಷರತ್ತು ಹೆಚ್ಚಾಗಿ ಇರುತ್ತದೆ; ಮೆಟ್ಟಿಲು ಮತ್ತು ಮುಂದಿನ ಕಾಲುದಾರಿಯನ್ನು ಬಾಡಿಗೆದಾರರು ಸರದಿಯಂತೆ ಗುಡಿಸಬೇಕು. ಬೆಳಗಾಗೆದ್ದು ಅಂಗಳ ಗುಡಿಸಿ ರಂಗೋಲಿ ಹಾಕುವ ಮನೆಯವರಿಗೆ ಇದರಲ್ಲಿ ಕಷ್ಟವೇನಿಲ್ಲ.

ಕೀಲಿ ಪಡೆದ ದಿನ ಮತ್ತು ನಂತರ

ಊಬರ್‌ಗಾಬೆಪ್ರೋಟೋಕಾಲ್ ಎಂಬ ಹಸ್ತಾಂತರ ಪತ್ರ ಬರೆಯದೆ ಕೀಲಿ ತೆಗೆದುಕೊಳ್ಳಬೇಡಿ. ಗೋಡೆಯ ಗೀರು, ಒಡೆದ ಹೆಂಚು, ವಿದ್ಯುತ್ ಮತ್ತು ನೀರಿನ ಮೀಟರಿನ ಅಂಕಿ, ಕೀಲಿಗಳ ಸಂಖ್ಯೆ ಎಲ್ಲವೂ ಅದರಲ್ಲಿ ಇರಬೇಕು, ಫೋಟೋಗಳೂ ಇರಬೇಕು. ಬಿಡುವಾಗ ಠೇವಣಿ ವಾಪಸು ಬರುವುದು ಇದರ ಮೇಲೆಯೇ.

ಅಂದೇ ಮಾಡಬೇಕಾದ ಇನ್ನೊಂದು ಕೆಲಸ ಹೆಸರಿನ ಚೀಟಿ ಅಂಟಿಸುವುದು. ಬಹುಪಾಲು ಜರ್ಮನ್ ಕಟ್ಟಡಗಳಲ್ಲಿ ಕಟ್ಟಡಕ್ಕೆ ಸಂಖ್ಯೆ ಇದ್ದರೂ ಒಳಗಿನ ಒಂದೊಂದು ಮನೆಗೆ ಬೇರೆ ಸಂಖ್ಯೆ ಎಂಬುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಕುಟುಂಬದ ಹೆಸರನ್ನು ನೋಡಿ ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಬ್ಯಾಂಕಿನ ಕಾರ್ಡು, ತೆರಿಗೆ ಸಂಖ್ಯೆ ಎಲ್ಲವೂ ಹಿಂತಿರುಗಿ ಹೋಗುತ್ತವೆ. ನಮ್ಮಲ್ಲಿ ಗಂಡ, ಹೆಂಡತಿ, ಮಕ್ಕಳ ಕೊನೆಯ ಹೆಸರು ಬೇರೆ ಬೇರೆ ಇರುವುದರಿಂದ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಎಲ್ಲ ಹೆಸರುಗಳನ್ನೂ ಪೆಟ್ಟಿಗೆ ಮತ್ತು ಕರೆಗಂಟೆ ಎರಡರ ಮೇಲೂ ಹಾಕಿ.

ಎರಡು ವಾರದೊಳಗೆ ಹೊಸ ವಿಳಾಸದ ನೋಂದಣಿ ಮಾಡಿಸಿ. ವಿದ್ಯುತ್ ಸರಬರಾಜುದಾರರನ್ನು ನೀವೇ ಆರಿಸಿಕೊಳ್ಳಿ. ಸುಮ್ಮನಿದ್ದರೆ ಆ ಪ್ರದೇಶದ ಮೂಲ ಸರಬರಾಜುದಾರರ ಗ್ರಾಹಕರಾಗುತ್ತೀರಿ, ಅವರ ದರ ಸಾಮಾನ್ಯವಾಗಿ ಹೆಚ್ಚು. ಟಿ.ವಿ. ಇಲ್ಲದಿದ್ದರೂ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕೆಂಬ ಪತ್ರ ಬರುತ್ತದೆ, ಅದು ಮೋಸದ ಪತ್ರವಲ್ಲ. ಮೊದಲ ವರ್ಷದ ನೀರು ಮತ್ತು ಬಿಸಿಮಾಡುವ ವೆಚ್ಚದ ಅಂತಿಮ ಲೆಕ್ಕವನ್ನು ಮಾಲೀಕರು ಆ ಅವಧಿ ಮುಗಿದು ಹನ್ನೆರಡು ತಿಂಗಳೊಳಗೆ ಕಳಿಸುತ್ತಾರೆ. ಮನೆಯಲ್ಲಿ ಹಗಲಿಡೀ ಜನರಿರುವ, ಬಿಸಿನೀರಿನ ಸ್ನಾನಕ್ಕೆ ಒಗ್ಗಿದ ನಮ್ಮ ಕುಟುಂಬಗಳು ಮುಂಗಡವಾಗಿ ಕಟ್ಟಿದ್ದಕ್ಕಿಂತ ಹೆಚ್ಚು ಕೊಡಬೇಕಾಗಿ ಬರುವ ಸಂಭವವಿರುವುದರಿಂದ, ಒಂದು ತಿಂಗಳ ಬಾಡಿಗೆಯಷ್ಟು ಹಣವನ್ನು ಆ ಲೆಕ್ಕ ಕೈಗೆ ಬರುವವರೆಗೆ ಬೇರೆಯಾಗಿ ಎತ್ತಿಟ್ಟುಕೊಂಡಿರಬೇಕು.